ವಾಷ್‌ಬೇಸಿನ್ ಕೆಳಗೆ ಯಾವ ಕಪಾಟು? ಮೊದಲು ನೀರಿನ ದಾರಿ ನೋಡಿ

ಬಾತ್‌ರೂಮು ಒಡೆಸಿ ಹೊಸದಾಗಿ ಮಾಡಿಸುವವರೆಲ್ಲ ಕೊನೆಗೆ ತಲೆ ಕೆರೆದುಕೊಳ್ಳುವುದು ವಾಷ್‌ಬೇಸಿನ್ ಮುಂದೆ. ಟೈಲ್ಸ್ ಆರಿಸಿ ಆಗಿರುತ್ತದೆ, ಕಮೋಡ್ ಆರಿಸಿ ಆಗಿರುತ್ತದೆ. ಬೇಸಿನ್ ಕೆಳಗಿನ ಕಪಾಟು ಮಾತ್ರ ಬಗೆಹರಿದಿರುವುದಿಲ್ಲ. ಅಂಗಡಿಯವರು ಅದನ್ನು ವ್ಯಾನಿಟಿ ಅನ್ನುತ್ತಾರೆ. ಅವರು ಪಿವಿಸಿ ತಗೊಳ್ಳಿ ಅಂತಾರೆ, ಕಾರ್ಪೆಂಟರ್ ಪ್ಲೈವುಡ್ಡೇ ಗಟ್ಟಿ ಅಂತಾರೆ, ಮನೆಯ ಹಿರಿಯರು "ಕಡಪ ಕಲ್ಲು ಹಾಕಿಸು, ಮೂವತ್ತು ವರ್ಷ ಏನೂ ಆಗಲ್ಲ" ಅಂತಾರೆ. ಮೂವರು ಹೇಳುವುದರಲ್ಲೂ ನಿಜ ಇದೆ. ನಿಮ್ಮ ಮನೆಗೆ ಯಾರ ಮಾತು ಹೊಂದುತ್ತದೆ ಅನ್ನುವುದನ್ನು ಕಂಡುಕೊಳ್ಳುವ ಕ್ರಮ ಇಲ್ಲಿದೆ.

ಮೈಸೂರಿನ ನಮ್ಮ ಮನೆಯಲ್ಲಿ ಮೊದಲ ಸಲ ಮಾಡಿಸಿದ ಕಪಾಟು ನಾಲ್ಕೇ ವರ್ಷಕ್ಕೆ ಹೋಯಿತು. ಮೇಲಿಂದ ನೋಡಿದರೆ ಹೊಸದರ ಹಾಗೇ ಇತ್ತು. ಒಂದು ದಿನ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಮಂಡಿಯೂರಿ ಕೂತು ಟಾರ್ಚ್ ಹಾಕಿ ನೋಡಿದೆ. ಕೆಳಗಿನ ಹಲಗೆಯ ಅಂಚು ಟೀಯಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಕಂದು ಪುಡಿ ಉದುರಿತು. ಹಾಳಾಗಿದ್ದು ಕೆಳಗಿನ ಆರು ಇಂಚು ಮಾತ್ರ. ಆದರೆ ಆರು ಇಂಚನ್ನಷ್ಟೇ ಬದಲಾಯಿಸಲು ಬರುವುದಿಲ್ಲ ಅಲ್ವಾ? ಪೂರ್ತಿ ಕಿತ್ತು ಹಾಕಬೇಕಾಯಿತು.

ಆಮೇಲೆ ಇನ್ನೂ ಮೂರು ಬಾತ್‌ರೂಮುಗಳ ಕೆಲಸ ಹತ್ತಿರದಿಂದ ನೋಡಿದೆ. ನಮ್ಮ ಮನೆಯದೇ ಇನ್ನೊಂದು, ಬೆಂಗಳೂರಿನಲ್ಲಿ ತಮ್ಮನ ಫ್ಲ್ಯಾಟಿನದು, ಉಡುಪಿಯ ಹತ್ತಿರ ಅಕ್ಕನ ಮನೆಯದು. ಎಲ್ಲ ಕಡೆಯೂ ಕಪಾಟು ಉಳಿಯುವುದು ಅಥವಾ ಹೋಗುವುದು ತೀರ್ಮಾನವಾಗುವುದು ಆ ಕೆಳಗಿನ ಆರು ಇಂಚಿನಲ್ಲೇ.

ಕಾರಣ ಸರಳ. ನಮ್ಮ ಬಾತ್‌ರೂಮಿನ ನೆಲ ಒದ್ದೆಯಾಗುವ ನೆಲ. ಬಕೆಟ್ಟಿನಲ್ಲಿ ನೀರು ಹಿಡಿದು ಮಗ್ಗಿನಿಂದ ಮೈಮೇಲೆ ಸುರಿದುಕೊಳ್ಳುತ್ತೇವೆ. ತೊಳೆಯುವಾಗ ನೆಲದ ತುಂಬ ನೀರು ಹೊಯ್ದು ಪೊರಕೆಯಲ್ಲಿ ಗುಡಿಸುತ್ತೇವೆ. ಅಮೆರಿಕದಲ್ಲಿರುವ ನಂಟರು ಕಳಿಸುವ ಫೋಟೋಗಳಲ್ಲಿ ಬಿಳಿ ಬಣ್ಣದ ಕಪಾಟು ನೆಲಕ್ಕೆ ತಾಗಿ ಚಂದ ನಿಂತಿರುತ್ತದೆ. ಅಲ್ಲಿ ಸ್ನಾನದ ನೀರು ಟಬ್ಬಿನೊಳಗೆ, ಪರದೆಯ ಹಿಂದೆ ಉಳಿಯುತ್ತದೆ. ಹೊರಗಿನ ನೆಲ ಒಣಗಿರುತ್ತದೆ. ಎಷ್ಟೋ ಮನೆಗಳಲ್ಲಿ ಆ ನೆಲಕ್ಕೆ ನೀರು ಹೋಗುವ ತೂತೇ ಇರುವುದಿಲ್ಲ. ಅದೇ ಕಪಾಟನ್ನು ತಂದು ನೆಲದ ನೀರು ಹೋಗುವ ನಮ್ಮ ನಹನಿ ಟ್ರ್ಯಾಪಿನ ಪಕ್ಕ ನಿಲ್ಲಿಸಿದರೆ ಎರಡು ಮಳೆಗಾಲ ತಡೆಯುವುದು ಕಷ್ಟ.

ಅಂಗಡಿಗೆ ಹೋಗುವ ಮುಂಚೆ

ಐದು ವಿಷಯ ಮನೆಯಲ್ಲೇ ತಿಳಿದುಕೊಂಡು ಹೋಗಿ.

ಮೊದಲನೆಯದು ನೀರು ಎಲ್ಲಿವರೆಗೆ ಬರುತ್ತದೆ ಅನ್ನುವುದು. ಯಾರಾದರೂ ಸ್ನಾನ ಮಾಡಿ ಹೊರಗೆ ಬಂದ ತಕ್ಷಣ ಒಳಗೆ ಹೋಗಿ ನೋಡಿ. ಬೇಸಿನ್ ಇರುವ ಜಾಗದ ಗೋಡೆ ಎಷ್ಟು ಎತ್ತರದವರೆಗೆ ಒದ್ದೆಯಾಗಿದೆ? ಅಲ್ಲಿ ಸೀಸದ ಕಡ್ಡಿಯಿಂದ ಗುರುತು ಹಾಕಿ. ಸ್ನಾನದ ಜಾಗಕ್ಕೂ ಬೇಸಿನ್ನಿಗೂ ನಡುವೆ ಗಾಜು ಇದ್ದರೆ ಅಥವಾ ಬೇಸಿನ್ ಹೊರಗಡೆ ಹಾಲಿನ ಮೂಲೆಯಲ್ಲಿದ್ದರೆ ನಿಮ್ಮ ಆಯ್ಕೆ ತುಂಬ ವಿಶಾಲ. ನಾಲ್ಕಡಿ ಏಳಡಿಯ ಬಾತ್‌ರೂಮಿನಲ್ಲಿ ಎಲ್ಲವೂ ಒಂದರ ಪಕ್ಕ ಒಂದಿದ್ದರೆ ಆಯ್ಕೆ ಕಿರಿದು.

ಎರಡನೆಯದು ಗೋಡೆ. ಅದು ಇಟ್ಟಿಗೆಯದೋ, ಸಾಲಿಡ್ ಬ್ಲಾಕಿನದೋ, ಹಗುರವಾದ ಎಎಸಿ ಬ್ಲಾಕಿನದೋ, ಕರಾವಳಿಯ ಕೆಂಪು ಕಲ್ಲಿನದೋ, ಹಳೇ ಮಣ್ಣಿನ ಗೋಡೆಯೋ? ಟೈಲ್ಸ್ ಅಂಟಿಸಿದ ಮೇಲೆ ಇದು ಯಾರಿಗೂ ಕಾಣುವುದಿಲ್ಲ. ಒಡೆದಾಗಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಪೈಪು ಎಲ್ಲಿ ಹೋಗಿದೆ ಅನ್ನುವುದೂ ಅದೇ ಫೋಟೋದಲ್ಲಿ ಸಿಗುತ್ತದೆ. ಮುಂದೆ ಡ್ರಿಲ್ ಹಾಕುವಾಗ ಆ ಫೋಟೋ ತುಂಬ ಕೆಲಸಕ್ಕೆ ಬರುತ್ತದೆ.

ಮೂರನೆಯದು ನೀರಿನ ಗುಣ. ಬೋರ್‌ವೆಲ್ ನೀರಾದರೆ ನಲ್ಲಿಯ ಸುತ್ತ ಬಿಳಿ ಉಪ್ಪು ಕಟ್ಟುತ್ತದೆ. ಕಾವೇರಿ ನೀರು ಬರುವ ಮನೆಗಳಲ್ಲಿ ಈ ಕಾಟ ಕಡಿಮೆ. ನಾಲ್ಕನೆಯದು ತೊಳೆಯುವ ಬಗೆ. ಯಾರು ತೊಳೆಯುತ್ತಾರೆ, ಯಾವುದರಿಂದ ತೊಳೆಯುತ್ತಾರೆ? ಆಸಿಡ್ ಬಳಸುವ ಅಭ್ಯಾಸ ಇದೆಯಾ? ಇದು ಸಣ್ಣ ವಿಷಯ ಅಲ್ಲ, ಮುಂದೆ ಹೇಳುತ್ತೇನೆ. ಐದನೆಯದು ಮನೆಯ ಜನ. ಸೊಂಟ ಬಗ್ಗಿಸಲಾಗದ ಹಿರಿಯರಿದ್ದಾರಾ, ಬೇಸಿನ್ ಹಿಡಿದು ಮೇಲೇಳುವವರಿದ್ದಾರಾ, ಸಣ್ಣ ಮಕ್ಕಳಿದ್ದಾರಾ?

ದುಡ್ಡಿನ ಲೆಕ್ಕ ಇದೆಲ್ಲ ಆದಮೇಲೆ. ಸುಮ್ನೆ ಬಜೆಟ್ ಹೇಳಿಕೊಂಡು ಅಂಗಡಿಗೆ ಹೋದರೆ ಆ ಬಜೆಟ್ಟಿಗೆ ಸಿಗುವುದರಲ್ಲಿ ಚಂದದ್ದು ಯಾವುದೋ ಅದು ಮನೆಗೆ ಬರುತ್ತದೆ.

ಗೋಡೆಗೆ ತೂಗುವುದೋ, ನೆಲದ ಮೇಲೆ ನಿಲ್ಲುವುದೋ

ನಮ್ಮ ಬಗೆಯ ಬಾತ್‌ರೂಮಿಗೆ ನಾನು ಗೋಡೆಗೆ ತೂಗುವ ಕಪಾಟಿನ ಪರ. ಕೆಳಗೆ ಎಂಟರಿಂದ ಹನ್ನೆರಡು ಇಂಚು ಖಾಲಿ ಇದ್ದರೆ ನೀರು ಹರಿದು ಹೋಗುತ್ತದೆ, ವೈಪರ್ ಒಳಗೆ ಹೋಗುತ್ತದೆ, ಜಿರಲೆ ಅಡಗಲು ಜಾಗ ಇರುವುದಿಲ್ಲ. ನೆಲ ಪೂರ್ತಿ ಕಾಣುವುದರಿಂದ ಚಿಕ್ಕ ಬಾತ್‌ರೂಮು ಸ್ವಲ್ಪ ದೊಡ್ಡದಾಗಿಯೂ ಕಾಣುತ್ತದೆ. ಮುಖ್ಯವಾಗಿ, ಆ ಆರು ಇಂಚಿನ ಸಮಸ್ಯೆಯೇ ಹೋಗಿಬಿಡುತ್ತದೆ.

ಆದರೆ ಭಾರ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. 20 ಮಿಲಿಮೀಟರ್ ದಪ್ಪದ ಗ್ರಾನೈಟು ಒಂದು ಚದರಡಿಗೆ ಸುಮಾರು 5 ಕಿಲೋ ತೂಗುತ್ತದೆ. ಮೂರಡಿ ಉದ್ದ, ಒಂದೂಮುಕ್ಕಾಲು ಅಡಿ ಅಗಲದ ಕಲ್ಲಾದರೆ 26 ಕಿಲೋ ಆಯಿತು. ಅದರ ಮೇಲೆ ಸೆರಾಮಿಕ್ ಬೇಸಿನ್, ಕಪಾಟು, ಒಳಗಿಟ್ಟ ಸಾಮಾನು. ಇದರ ಮೇಲೆ ಯಾರಾದರೂ ಕೈಯೂರಿ ಬಗ್ಗಿದರೆ ಆ ಭಾರವೂ ಸೇರುತ್ತದೆ. ಇಟ್ಟಿಗೆ ಗೋಡೆ, ಸಾಲಿಡ್ ಬ್ಲಾಕ್ ಗೋಡೆ ಆಂಕರ್ ಬೋಲ್ಟ್ ಹಾಕಿದರೆ ಇದನ್ನು ತಡೆಯುತ್ತದೆ. ಎಎಸಿ ಬ್ಲಾಕಿಗೆ ಮಾಮೂಲಿ ಬೋಲ್ಟ್ ಸಾಲದು. ಅದಕ್ಕೆಂದೇ ಬೇರೆ ಆಂಕರ್ ಬರುತ್ತದೆ, ಅಥವಾ ರಾಸಾಯನಿಕ ಅಂಟು ತುಂಬಿ ಕೂರಿಸುವ ಆಂಕರ್ ಬೇಕು. ಕೆಂಪು ಕಲ್ಲಿನ ಗೋಡೆಯಲ್ಲಿ ಡ್ರಿಲ್ ಹಾಕಿದರೆ ಕೆಲವು ಕಡೆ ಕಲ್ಲು ಪುಡಿಪುಡಿಯಾಗಿ ತೂತು ಅಗಲವಾಗುತ್ತದೆ. ಅಕ್ಕನ ಮನೆಯಲ್ಲಿ ಇದೇ ಆಯಿತು. ಕೊನೆಗೆ ಕಲ್ಲು ಕಡಿದು, ಅಲ್ಲಿ ಕಾಂಕ್ರೀಟು ತುಂಬಿ, ಎಲ್ ಆಕಾರದ ಕಬ್ಬಿಣದ ಬ್ರ್ಯಾಕೆಟ್ಟನ್ನು ಅದರೊಳಗೇ ಹೂತು ಮೇಲೆ ಟೈಲ್ಸ್ ಹಾಕಿದರು. ಕೆಲಸ ಗಟ್ಟಿಯಾಯಿತು. ಆದರೆ ಇದು ಟೈಲ್ಸಿಗೆ ಮುಂಚೆ ಆಗಬೇಕಾದ ಕೆಲಸ, ಆಮೇಲೆ ಆಗುವುದಿಲ್ಲ.

ಇನ್ನೊಂದು ಮಾತು. ತೂಗುವ ಕಪಾಟಿಗೆ ಬೇಸಿನ್ನಿನ ಕೊಳೆ ನೀರಿನ ಪೈಪು ಗೋಡೆಯೊಳಗೆ ಹೋಗಬೇಕು. ಪೈಪು ನೆಲದಿಂದ ಮೇಲೆ ಬಂದಿದ್ದರೆ ಅದು ಕಪಾಟಿನ ಕೆಳಗೆ ಬೋಳಾಗಿ ಕಾಣುತ್ತದೆ. ಗೋಡೆ ಕೊರೆಯುವ ದಿನವೇ ಪ್ಲಂಬರಿಗೆ ಹೇಳಿಬಿಡಿ. ಕಪಾಟಿನ ಅಳತೆ ಮೊದಲು ತೀರ್ಮಾನವಾಗಬೇಕು, ಪೈಪಿನ ಜಾಗ ಆಮೇಲೆ. ತುಂಬ ಮನೆಗಳಲ್ಲಿ ಇದು ತಲೆಕೆಳಗಾಗಿ, ಪೈಪು ಬಂದ ಕಡೆ ಡ್ರಾಯರ್ ಕತ್ತರಿಸಬೇಕಾಗುತ್ತದೆ.

ನೆಲದ ಮೇಲೆ ನಿಲ್ಲುವುದು ಬೇಕಾಗುವ ಮನೆಗಳೂ ಇವೆ. ಗೋಡೆ ನಾಲ್ಕಿಂಚಿನದಾಗಿ ಹಳೆಯದಾಗಿದ್ದರೆ, ಬಾಡಿಗೆ ಮನೆಯಾಗಿದ್ದರೆ, ಬೇಸಿನ್ ಸ್ನಾನದ ಜಾಗದಿಂದ ದೂರ ಇದ್ದರೆ ನಿಲ್ಲುವುದೇ ಸರಿ. ಆಗಲೂ ಹಲಗೆ ನೆಲಕ್ಕೆ ತಾಗಕೂಡದು. ಸ್ಟೀಲ್ ಅಥವಾ ಪಿವಿಸಿ ಕಾಲು ಹಾಕಿಸಿ, ನಾಲ್ಕರಿಂದ ಆರು ಇಂಚು ಎತ್ತಿ ನಿಲ್ಲಿಸಿ. ಇಲ್ಲವೇ ಕೆಳಗೆ ಗ್ರಾನೈಟಿನ ಕಟ್ಟೆ ಕಟ್ಟಿಸಿ ಅದರ ಮೇಲೆ ಕೂರಿಸಿ.

ಯಾವ ಮಾಲು

ಅಂಗಡಿಯಲ್ಲಿ ಎಲ್ಲದಕ್ಕೂ "ವಾಟರ್‌ಪ್ರೂಫ್ ಸಾರ್" ಅನ್ನುತ್ತಾರೆ. ಆ ಮಾತಿಗೆ ಒಂದೊಂದು ಮಾಲಿನಲ್ಲೂ ಒಂದೊಂದು ಅರ್ಥ.

ಎಂಡಿಎಫ್ ಬೇಡ. ಬಣ್ಣ ಹೊಡೆದ ಎಂಡಿಎಫ್ ಕಪಾಟು ಶೋರೂಮಿನಲ್ಲಿ ಎಲ್ಲಕ್ಕಿಂತ ಚಂದ ಕಾಣುತ್ತದೆ, ಒಪ್ಪುತ್ತೇನೆ. ಮರದ ನಾರನ್ನು ಒತ್ತಿ ಮಾಡಿದ ಹಲಗೆ ಅದು. ಅಂಚಿನಲ್ಲಿ ಒಂದು ಕಡೆ ನೀರು ಹೊಕ್ಕರೆ ಉಬ್ಬುತ್ತದೆ, ಮತ್ತೆ ಮೊದಲಿನಂತೆ ಆಗುವುದೇ ಇಲ್ಲ. ಎಚ್‌ಡಿಎಚ್‌ಎಂಆರ್ ಅನ್ನುವ ಹಲಗೆ ಇದಕ್ಕಿಂತ ಎಷ್ಟೋ ವಾಸಿ. ಹೆಚ್ಚು ಸಾಂದ್ರ, ಗಾಳಿಯ ತೇವ ತಡೆಯುತ್ತದೆ. ಅಡುಗೆಮನೆಗೆ ಚೆನ್ನಾಗಿದೆ. ಆದರೆ ತೇವ ತಡೆಯುವುದು ಬೇರೆ, ನಿಂತ ನೀರು ತಡೆಯುವುದು ಬೇರೆ. ಹಾಲಿನ ಬೇಸಿನ್ನಿಗೆ ಅದನ್ನು ಹಾಕಿ, ಬಾತ್‌ರೂಮಿನ ಒಳಗೆ ಬೇಡ.

ಪ್ಲೈವುಡ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ಎಂಆರ್ ದರ್ಜೆ ಅಂದರೆ ತೇವ ತಡೆಯುವುದು, ಒಳಮನೆಯ ವಾರ್ಡ್‌ರೋಬಿಗೆ. ಬಿಡಬ್ಲ್ಯುಆರ್ ಅದಕ್ಕಿಂತ ಮೇಲು. ಬಿಡಬ್ಲ್ಯುಪಿ, ಜನ ಮರೈನ್ ಪ್ಲೈ ಅಂತ ಕರೆಯುವುದು, ಐಎಸ್ 710 ಅನ್ನುವ ಭಾರತೀಯ ಗುಣಮಟ್ಟದ್ದು. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುವ ಕ್ರಮ ಇದೆ. ಬಾತ್‌ರೂಮಿಗೆ ಇದೊಂದೇ ಸರಿ. ಪ್ರತಿ ಹಲಗೆಯ ಮೇಲೂ ಐಎಸ್‌ಐ ಗುರುತು ಮತ್ತು ಲೈಸೆನ್ಸ್ ನಂಬರ್ ಅಚ್ಚಾಗಿರಬೇಕು. ಬಿಐಎಸ್ ಕೇರ್ ಅನ್ನುವ ಸರ್ಕಾರದ ಆ್ಯಪಿನಲ್ಲಿ ಆ ನಂಬರ್ ಹಾಕಿ ನೋಡಬಹುದು. ಲ್ಯಾಮಿನೇಟ್ ಅಂಟಿಸಿದ ಮೇಲೆ ಗುರುತು ಮುಚ್ಚಿಹೋಗುತ್ತದೆ, ಹಾಗಾಗಿ ಹಲಗೆ ಮನೆಗೆ ಬಂದ ದಿನವೇ ನೋಡಿ.

ಒಳ್ಳೆಯ ಪ್ಲೈ ತಂದರೂ ಅರ್ಧ ಕೆಲಸವೇ ಆಯಿತು. ಪ್ಲೈ ನೀರು ಕುಡಿಯುವುದು ಮೇಲ್ಮೈಯಿಂದ ಅಲ್ಲ, ಕತ್ತರಿಸಿದ ಅಂಚಿನಿಂದ. ಮುಂದಿನ ಅಂಚಿಗೆ ಎಲ್ಲರೂ ಪಟ್ಟಿ ಅಂಟಿಸುತ್ತಾರೆ, ಕಾಣುತ್ತದಲ್ಲ! ಹಿಂದಿನ ಅಂಚು, ಕೆಳಗಿನ ಅಂಚು ಬೋಳಾಗಿಯೇ ಉಳಿಯುತ್ತದೆ. ಇನ್ನು ಪ್ಲಂಬರ್ ಬಂದು ಪೈಪಿಗೆ ಅಂತ ಹಿಂಬದಿಯ ಹಲಗೆಯಲ್ಲಿ ತೂತು ಕೊರೆಯುತ್ತಾರೆ. ಆ ತೂತಿನ ಒಳಅಂಚಿಗೆ ಯಾರೂ ಏನೂ ಬಳಿಯುವುದಿಲ್ಲ. ಬೇಸಿನ್ ಪೈಪಿನಲ್ಲಿ ಬೆವರುವ ನೀರು, ಜಿನುಗುವ ನೀರು ಮೊದಲು ತಾಗುವುದೇ ಅಲ್ಲಿಗೆ. ನಮ್ಮ ಎರಡನೇ ಕಪಾಟಿಗೆ ಕಾರ್ಪೆಂಟರ್ ಪಕ್ಕದಲ್ಲಿ ನಿಂತು ಪ್ರತಿ ಹಲಗೆಯ ಎಲ್ಲ ಅಂಚಿಗೂ ಎರಡು ಕೋಟ್ ಸೀಲರ್ ಬಳಿಸಿದೆ. ತೂತಿನ ಒಳಗೆ ಬಟ್ಟೆ ಸುತ್ತಿದ ಕಡ್ಡಿಯಿಂದ ಬಳಿದರು, ಆಮೇಲೆ ಸುತ್ತ ಸಿಲಿಕಾನ್ ತುಂಬಿದರು. ಅರ್ಧ ದಿನದ ಕೆಲಸ ಜಾಸ್ತಿಯಾಯಿತು. ಕಪಾಟು ಈಗಲೂ ಗಟ್ಟಿಯಾಗಿದೆ.

ಪ್ಲೈಯ ದೊಡ್ಡ ಗುಣ ಅಂದರೆ ಸ್ಕ್ರೂ ಹಿಡಿಯುವ ಶಕ್ತಿ. ಬಾಗಿಲಿನ ಹಿಂಜು ಸಡಿಲವಾಗುವುದಿಲ್ಲ, ಡ್ರಾಯರ್ ಭಾರ ತಡೆಯುತ್ತದೆ, ನಿಮಗೆ ಬೇಕಾದ ಅಳತೆಗೆ ಮಾಡಿಸಬಹುದು. ಗೆದ್ದಲಿನ ಭಯ ಮಾತ್ರ ಇದ್ದೇ ಇರುತ್ತದೆ. ಮಲೆನಾಡಿನಲ್ಲಿ, ನೆಲಮಹಡಿಯ ಮನೆಗಳಲ್ಲಿ ಇದನ್ನು ಹಗುರವಾಗಿ ತಗೊಳ್ಳಬೇಡಿ.

ಪಿವಿಸಿ ಹಲಗೆ ಈಗ ಎಲ್ಲ ಊರಿನ ಸ್ಯಾನಿಟರಿ ಅಂಗಡಿಗಳಲ್ಲೂ ಸಿಗುತ್ತದೆ. ಮರದ ಪುಡಿ ಬೆರೆತದ್ದನ್ನು ಡಬ್ಲ್ಯುಪಿಸಿ ಅನ್ನುತ್ತಾರೆ. ನೀರಿಗೆ ಇದು ಜಗ್ಗುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ನೀರು ಎರಚುವ ಸಣ್ಣ ಬಾತ್‌ರೂಮಿಗೆ ನಾನು ಮೊದಲು ಹೇಳುವುದೇ ಇದನ್ನು. ಬೇಸಿನ್ ಸಮೇತ ರೆಡಿಮೇಡ್ ಸೆಟ್ಟು ಬರುತ್ತದೆ, ಒಂದೇ ದಿನದಲ್ಲಿ ಕೂರಿಸಿ ಹೋಗುತ್ತಾರೆ.

ಇದರ ಕೊರತೆ ಇರುವುದು ಗಟ್ಟಿತನದಲ್ಲಿ. ಒಳಗೆಲ್ಲ ಸಣ್ಣ ಗಾಳಿಗುಳ್ಳೆಗಳಿರುವ ಹಲಗೆ ಇದು. ಸ್ಕ್ರೂ ಒಂದೆರಡು ಸಲ ಬಿಚ್ಚಿ ಹಾಕಿದರೆ ತೂತು ಸಡಿಲವಾಗುತ್ತದೆ. ತಮ್ಮನ ಫ್ಲ್ಯಾಟಿನಲ್ಲಿ ಎರಡನೇ ವರ್ಷ ಬಾಗಿಲು ಜೋತುಬಿತ್ತು. ಹಿಂಜಿನ ಸ್ಕ್ರೂ ಹಲಗೆ ಸಮೇತ ಕಿತ್ತು ಬಂದಿತ್ತು. ಆಮೇಲೆ ಸ್ಕ್ರೂ ಬದಲು ಹಲಗೆಯ ಆಚೆ ಬದಿಗೆ ಹೊರಡುವ ನಟ್ಟು ಬೋಲ್ಟ್ ಹಾಕಿಸಿದ. ಅಲ್ಲಿಂದ ತೊಂದರೆ ಬಂದಿಲ್ಲ. ಹಾಗಾಗಿ ಪಿವಿಸಿ ತಗೊಳ್ಳುವಾಗ ಹಲಗೆಯ ತುಂಡನ್ನು ಕೈಯಲ್ಲಿ ಹಿಡಿದು ತೂಕ ನೋಡಿ. ಒಂದೇ ದಪ್ಪದ ಎರಡು ತುಂಡುಗಳಲ್ಲಿ ಭಾರದ್ದೇ ಒಳ್ಳೆಯದು. ಉಗುರು ಒತ್ತಿದರೆ ಗುರುತು ಬಿದ್ದರೆ ಅದನ್ನು ಬಿಡಿ. ಮೂರಡಿಗಿಂತ ಉದ್ದದ ಕಪಾಟಿಗೆ ನಡುವೆ ಅಡ್ಡ ಹಲಗೆ ಇರಲೇಬೇಕು, ಇಲ್ಲದಿದ್ದರೆ ಬಾಗುತ್ತದೆ. ಇದರ ಮೇಲೆ ನೇರವಾಗಿ ಗ್ರಾನೈಟ್ ಕೂರಿಸಬೇಡಿ. ಕಲ್ಲಿನ ಭಾರ ಗೋಡೆಯ ಬ್ರ್ಯಾಕೆಟ್ಟಿಗೆ ಹೋಗಬೇಕು, ಕಪಾಟು ಕೆಳಗೆ ಸುಮ್ನೆ ತೂಗುತ್ತಿರಬೇಕು.

ಕಲ್ಲಿನ ಕಪಾಟು ನಮ್ಮ ಹಿರಿಯರ ಆಯ್ಕೆ. ಎರಡು ಬದಿಗೆ ಕಡಪ ಕಲ್ಲು, ನಡುವೆ ಒಂದು ಕಡಪದ ಅಟ್ಟ, ಮೇಲೆ ಗ್ರಾನೈಟು, ಮುಂದೆ ಅಲ್ಯುಮಿನಿಯಂ ಚೌಕಟ್ಟಿನ ಬಾಗಿಲು. ಶೋರೂಮಿನವರು ಇದನ್ನು ತೋರಿಸುವುದೇ ಇಲ್ಲ, ಯಾಕೆಂದರೆ ಇದು ಅವರ ಹತ್ತಿರ ಸಿಗುವುದಿಲ್ಲ. ಗ್ರಾನೈಟ್ ಹಾಕುವ ಮೇಸ್ತ್ರಿಯೇ ಮಾಡುತ್ತಾರೆ. ನೀರು, ಗೆದ್ದಲು, ಭಾರ ಯಾವುದಕ್ಕೂ ಹೆದರಬೇಕಿಲ್ಲ. ಹಿಡಿದು ಮೇಲೇಳುವ ಹಿರಿಯರಿಗೆ ಇದಕ್ಕಿಂತ ಭದ್ರವಾದದ್ದು ಇನ್ನೊಂದಿಲ್ಲ. ಖರ್ಚೂ ಕಡಿಮೆ, ಅಡುಗೆಮನೆಗೆ ತಂದ ಗ್ರಾನೈಟಿನಲ್ಲಿ ಉಳಿದ ತುಂಡೇ ಎಷ್ಟೋ ಸಲ ಸಾಕಾಗುತ್ತದೆ. ಕಷ್ಟ ಏನೆಂದರೆ ಡ್ರಾಯರ್ ಹಾಕುವುದು ಸುಲಭವಲ್ಲ, ಒಮ್ಮೆ ಕಟ್ಟಿದ ಮೇಲೆ ಜಾಗ ಬದಲಾಯಿಸಲು ಆಗುವುದಿಲ್ಲ. ಕಡಪ ಸುಣ್ಣದ ಕಲ್ಲಿನ ಜಾತಿ. ಆಸಿಡ್ ಬಿದ್ದರೆ ನೊರೆ ಬಂದು ಮೇಲ್ಮೈ ತಿಂದುಹಾಕುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಕಪಾಟು ಈಚೆಗೆ ಬರುತ್ತಿದೆ. 304 ದರ್ಜೆಯ ಸ್ಟೀಲಾದರೆ ಒಳ್ಳೆಯದು, ತುಕ್ಕಿನ ಮಾತು ಬಹಳ ಕಡಿಮೆ. 202 ದರ್ಜೆಯದನ್ನೂ ಅಷ್ಟೇ ಹೊಳಪಿನಲ್ಲಿ ಮಾರುತ್ತಾರೆ, ಆದರೆ ಅದು ಬಾತ್‌ರೂಮಿನಲ್ಲಿ ಬೇಗ ಚುಕ್ಕೆ ಬೀಳುತ್ತದೆ. ಅಯಸ್ಕಾಂತ ಹಿಡಿದು ನೋಡಿ ಅಂತ ಕೆಲವರು ಹೇಳುತ್ತಾರೆ. ಎರಡಕ್ಕೂ ಅಯಸ್ಕಾಂತ ಅಷ್ಟಾಗಿ ಅಂಟುವುದಿಲ್ಲ, ಹಾಗಾಗಿ ಆ ಪರೀಕ್ಷೆಯಿಂದ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳುವುದೇ ದಾರಿ. ಸಮುದ್ರದ ಹತ್ತಿರದ ಊರುಗಳಲ್ಲಿ ಉಪ್ಪುಗಾಳಿಗೆ 304 ಕೂಡ ಮಂಕಾಗಬಹುದು, ಆಗಾಗ ಸಿಹಿನೀರಿನಲ್ಲಿ ಒರೆಸಬೇಕು. ಇದಕ್ಕೆ ಬೆಲೆ ಜಾಸ್ತಿ.

ತೇಗದ ಬಗ್ಗೆ ನನಗೆ ಪ್ರೀತಿ ಇದೆ. ಹಳೇ ಮನೆಯ ಬಾಗಿಲು, ಕಿಟಕಿಯ ತೇಗದ ಹಲಗೆ ನಿಮ್ಮಲ್ಲಿದ್ದರೆ ಅದರಿಂದ ಕಪಾಟಿನ ಬಾಗಿಲು ಮಾಡಿಸಿ, ಒಳಗಿನ ಪೆಟ್ಟಿಗೆ ಪಿವಿಸಿಯದೋ ಕಲ್ಲಿನದೋ ಇರಲಿ. ತೇಗದಲ್ಲಿ ತನ್ನದೇ ಎಣ್ಣೆ ಇದೆ, ನೀರಿಗೆ ಬೇಗ ಸೋಲುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸುವ ತಾಳ್ಮೆ ಇದ್ದರೆ ಮಾತ್ರ.

ಬೇಸಿನ್ನಿನ ಎತ್ತರ: ಎಲ್ಲರೂ ತಪ್ಪುವ ಜಾಗ

ನಿಂತು ಕೈ ತೊಳೆಯಲು ಬೇಸಿನ್ನಿನ ಮೇಲಂಚು ನೆಲದಿಂದ 32ರಿಂದ 34 ಇಂಚು ಇರಬೇಕು. ಕಲ್ಲಿನ ಮೇಲೆ ಬಟ್ಟಲಿನ ಹಾಗೆ ಕೂರುವ ಬೇಸಿನ್ ಈಗ ಎಲ್ಲರಿಗೂ ಇಷ್ಟ. ಅದೇ ಐದಾರು ಇಂಚು ಎತ್ತರ ಇರುತ್ತದೆ. ಮೇಸ್ತ್ರಿ ಅಭ್ಯಾಸದಂತೆ ಕಲ್ಲನ್ನು 32 ಇಂಚಿಗೆ ಕೂರಿಸಿದರೆ ಬೇಸಿನ್ ಅಂಚು 38 ಇಂಚಿಗೆ ಹೋಯಿತು. ಮುಖ ತೊಳೆಯುವಾಗ ನೀರು ಮೊಣಕೈಯಿಂದ ಇಳಿದು ಅಂಗಿ ಒದ್ದೆ, ನೆಲ ಒದ್ದೆ. ಕುಳ್ಳಗಿರುವ ಅಮ್ಮಂದಿರಿಗೆ, ಮಕ್ಕಳಿಗೆ ದಿನಾ ಹಿಂಸೆ. ಬಟ್ಟಲು ಬೇಸಿನ್ ಬೇಕಾದರೆ ಕಲ್ಲು 27, 28 ಇಂಚಿನಲ್ಲಿರಲಿ. ಮೊದಲು ಬೇಸಿನ್ ಕೊಂಡು ತನ್ನಿ, ಆಮೇಲೆ ಎತ್ತರ ಗುರುತು ಮಾಡಿಸಿ.

ಬಟ್ಟಲು ಬೇಸಿನ್ನಿನ ಸುತ್ತ ಕಲ್ಲಿನ ಮೇಲೆ ನೀರು ನಿಲ್ಲುತ್ತದೆ, ಅದನ್ನು ದಿನಾ ಒರೆಸಬೇಕು. ಕಲ್ಲಿನ ಕೆಳಗೆ ಕೂರುವ ಬೇಸಿನ್ನಾದರೆ ನೀರನ್ನು ಕೈಯಿಂದ ಒಳಗೆ ತಳ್ಳಿದರೆ ಮುಗಿಯಿತು. ಆದರೆ ಅದು ಕಲ್ಲಿಗೆ ಅಂಟಿಕೊಂಡೇ ನಿಂತಿರುತ್ತದೆ, ಕೆಳಗಿನಿಂದ ಆಸರೆ ಕೊಟ್ಟಿದ್ದಾರಾ ನೋಡಿ. ಕಲ್ಲೇ ಬೇಡ ಅನ್ನುವವರಿಗೆ ಬೇಸಿನ್ನೂ ಮೇಲ್ಮೈಯೂ ಒಂದೇ ಆಗಿರುವ ಸೆರಾಮಿಕ್ ಟಾಪ್ ಇದೆ. ಸಂದಿಯೇ ಇಲ್ಲ, ಒಂದು ಸಲ ಒರೆಸಿದರೆ ಸಾಕು. ಪಿವಿಸಿ ರೆಡಿಮೇಡ್ ಸೆಟ್ಟುಗಳಲ್ಲಿ ಹೆಚ್ಚಾಗಿ ಬರುವುದು ಇದೇ. ಕೆಲಸಕ್ಕೆ ಹೋಗುವವರ ಮನೆಗೆ ನಾನು ಇದನ್ನೇ ಹೇಳುತ್ತೇನೆ.

ಬಣ್ಣದ ಬಗ್ಗೆ ಒಂದೇ ಮಾತು. ಬೋರ್‌ವೆಲ್ ನೀರಿನ ಮನೆಯಲ್ಲಿ ಕಪ್ಪು ಗ್ರಾನೈಟ್ ಬೇಡ. ಪ್ರತಿ ಹನಿಯೂ ಒಣಗಿ ಬಿಳಿ ಚುಕ್ಕೆಯಾಗುತ್ತದೆ. ಬೂದು, ತಿಳಿಕಂದು, ಚುಕ್ಕೆ ಚುಕ್ಕೆ ಇರುವ ಕಲ್ಲು ವಾಸಿ.

ಹಿಂಜು, ಬಾಗಿಲು, ಆಸಿಡ್ ಬಾಟಲಿ

ಕಪಾಟು ಗಟ್ಟಿಯಿದ್ದರೂ ಹಿಂಜು ತುಕ್ಕು ಹಿಡಿದು ಹಾಳಾಗುವುದನ್ನು ಎಲ್ಲ ಮನೆಯಲ್ಲೂ ನೋಡುತ್ತೇವೆ. ಕಾರಣ ನೀರು ಒಂದೇ ಅಲ್ಲ. ಕಮೋಡ್ ತೊಳೆಯುವ ಆಸಿಡ್ ಬಾಟಲಿಯನ್ನು ನಾವು ಇಡುವುದೇ ಬೇಸಿನ್ ಕೆಳಗೆ. ಮುಚ್ಚಳ ಎಷ್ಟೇ ತಿರುಗಿಸಿದರೂ ಅದರ ಹೊಗೆ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದು ಹಿಂಜಿಗೆ, ಸ್ಕ್ರೂಗೆ, ಬೇಸಿನ್ನಿಗೆ ನೀರು ಬಿಡುವ ಆಂಗಲ್ ಕಾಕಿಗೆ ತಾಗುತ್ತಲೇ ಇರುತ್ತದೆ. ಸ್ಟೀಲ್ ಕಪಾಟಿಗೂ ಇದು ಶತ್ರು. ಅಕ್ಕನ ಮನೆಯಲ್ಲಿ ಆಂಗಲ್ ಕಾಕಿನ ಹೊಳಪು ಒಂದು ವರ್ಷದಲ್ಲಿ ಸುಲಿದು ಹಸಿರು ಬಣ್ಣಕ್ಕೆ ತಿರುಗಿತ್ತು. ಬಾಟಲಿಯನ್ನು ಹೊರಗಿನ ಬಾಲ್ಕನಿಗೆ ಸಾಗಿಸಿದ ಮೇಲೆ ಹೊಸ ಕಾಕು ಹಾಗೇ ಇದೆ. ಮಕ್ಕಳಿರುವ ಮನೆಯಲ್ಲಂತೂ ಅದು ಅವರ ಕೈಗೆ ಎಟುಕುವ ಎತ್ತರದಲ್ಲಿ ಇರಲೇಬಾರದು.

ಹಿಂಜು 304 ಸ್ಟೀಲಿನದೇ ಕೇಳಿ ತಗೊಳ್ಳಿ. ಇಡೀ ಕೆಲಸದ ಖರ್ಚಿನ ಮುಂದೆ ಆ ವ್ಯತ್ಯಾಸ ಚಿಕ್ಕದು. ಡ್ರಾಯರ್ ಅನುಕೂಲ ಹೌದು, ಬಗ್ಗದೆ ಒಳಗಿನದೆಲ್ಲ ಕಾಣುತ್ತದೆ. ಆದರೆ ಅದರ ಚಾನೆಲ್ಲಿಗೂ ತುಕ್ಕಿನ ಕಾಟ ಇದೆ. ಒಂದು ಡ್ರಾಯರ್, ಒಂದು ಬಾಗಿಲು ಸಾಕು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಕಪಾಟಿನ ಒಳಗೆ ಬೂಷ್ಟು ಬರುತ್ತದೆ. ಅಲ್ಲಿ ಪಟ್ಟಿ ಪಟ್ಟಿ ಸಂದಿ ಇರುವ ಲೂವರ್ ಬಾಗಿಲು ಮಾಡಿಸಿ, ಗಾಳಿಯಾಡಲಿ. ಟವೆಲ್, ಬಟ್ಟೆಗಳನ್ನು ಅಲ್ಲಿ ಇಡಬೇಡಿ.

ಕನ್ನಡಿ ಕಪಾಟು ಗೋಡೆಯ ಮೇಲೆ ನೀರು ತಾಗದ ಎತ್ತರದಲ್ಲಿರುವುದರಿಂದ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ನಾಲ್ಕೈದು ಇಂಚು ಆಳ ಸಾಕು, ಬಾಗಿದಾಗ ಹಣೆಗೆ ತಾಗದಿದ್ದರೆ ಸರಿ. ಬ್ರಷ್ಷು, ಪೇಸ್ಟು, ಮಾತ್ರೆ ಎಲ್ಲ ಮೇಲೆ ಹೋದರೆ ಕೆಳಗಿನ ಕಪಾಟು ಚಿಕ್ಕದಾದರೂ ನಡೆಯುತ್ತದೆ.

ಯಾರಿಗೆ ಯಾವುದು

ಬಜೆಟ್ ಹತ್ತು ಹನ್ನೆರಡು ಸಾವಿರದ ಒಳಗಿದ್ದರೆ ಎರಡು ದಾರಿ. ಸ್ವಂತ ಮನೆ, ಮೇಸ್ತ್ರಿ ಹೇಗೂ ಕೆಲಸದಲ್ಲಿದ್ದಾರೆ ಅಂದರೆ ಕಲ್ಲಿನ ಕಪಾಟು. ಫ್ಲ್ಯಾಟು, ಗಲಾಟೆ ಧೂಳು ಬೇಡ ಅಂದರೆ ಎರಡಡಿಯ ರೆಡಿಮೇಡ್ ಪಿವಿಸಿ ಸೆಟ್ಟು. ಈ ಬಜೆಟ್ಟಿನಲ್ಲಿ ಪ್ಲೈ ಕಪಾಟು ಮಾಡಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಅದು ಐಎಸ್ 710 ಆಗಿರುವುದು ಅನುಮಾನ.

ಇಪ್ಪತ್ತು ಇಪ್ಪತ್ತೈದು ಸಾವಿರ ಇಡಬಲ್ಲಿರಾದರೆ, ಸ್ನಾನದ ಜಾಗಕ್ಕೆ ಗಾಜು ಇದ್ದರೆ, ಬಿಡಬ್ಲ್ಯುಪಿ ಪ್ಲೈಯಲ್ಲಿ ಗೋಡೆಗೆ ತೂಗುವ ಕಪಾಟು ಮಾಡಿಸಿ. ಅಳತೆ ನಿಮ್ಮದು, ಬಣ್ಣ ನಿಮ್ಮದು, ರಿಪೇರಿ ಸುಲಭ. ಗಾಜು ಇಲ್ಲದಿದ್ದರೆ ಅದೇ ದುಡ್ಡಿಗೆ ಭಾರದ ಪಿವಿಸಿ ಹಲಗೆ, ಒಳ್ಳೆಯ ಹಿಂಜು, ಬೋಲ್ಟ್ ಹಾಕಿಸಿ. ಅದಕ್ಕಿಂತ ಜಾಸ್ತಿ ಖರ್ಚು ಮಾಡುವವರಿಗೆ 304 ಸ್ಟೀಲು ಇದೆ. ಆದರೆ ನನ್ನನ್ನು ಕೇಳಿದರೆ ಆ ಹೆಚ್ಚಿನ ದುಡ್ಡನ್ನು ಮೊದಲು ಸ್ನಾನದ ಜಾಗದ ಗಾಜಿಗೆ ಮತ್ತು ಒಳ್ಳೆಯ ಎಕ್ಸಾಸ್ಟ್ ಫ್ಯಾನಿಗೆ ಹಾಕಿ. ಅವೆರಡು ಬಂದರೆ ಯಾವ ಕಪಾಟಿನ ಆಯಸ್ಸಾದರೂ ಹೆಚ್ಚುತ್ತದೆ.

ವಯಸ್ಸಾದ ಅಪ್ಪ ಅಮ್ಮ ಇರುವ ಮನೆಗೆ ಬೇರೆಯೇ ಲೆಕ್ಕ. ಅವರು ಬೇಸಿನ್ ಅಂಚನ್ನು ಹಿಡಿದೇ ಹಿಡಿಯುತ್ತಾರೆ, ಬೇಡ ಅಂದರೂ ಕೈ ಅಲ್ಲಿಗೇ ಹೋಗುತ್ತದೆ. ತೂಗುವ ಪಿವಿಸಿ ಕಪಾಟಿನ ಮೇಲೆ ಆ ಭಾರ ಬೀಳಬಾರದು. ಕಲ್ಲಿನ ಆಸರೆ ಕೊಟ್ಟ ಗ್ರಾನೈಟು ಹಾಕಿಸಿ, ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿಸಿ, ಪಕ್ಕದ ಗೋಡೆಗೆ ಒಂದು ಸ್ಟೀಲ್ ಹಿಡಿಕೆ ಹಾಕಿಸಿ. ಮುಂದೆ ಕುರ್ಚಿ ಹಾಕಿ ಕೂತು ಮುಖ ತೊಳೆಯುವ ದಿನ ಬರಬಹುದು ಅನ್ನಿಸಿದರೆ ನಡುವಿನ ಭಾಗ ಖಾಲಿ ಬಿಟ್ಟು ಒಂದು ಬದಿಗೆ ಮಾತ್ರ ಕಪಾಟು ಮಾಡಿಸಿ. ಮಂಡಿ ಒಳಗೆ ಹೋಗಲು ಜಾಗ ಬೇಕು.

ಬಾಡಿಗೆಗೆ ಕೊಡುವ ಮನೆಗೆ, ಐದಡಿಗಿಂತ ಕಿರಿದಾದ ಬಾತ್‌ರೂಮಿಗೆ ಕಪಾಟೇ ಬೇಡ ಅನ್ನುವುದೂ ಒಂದು ಉತ್ತರ. ಬೇಸಿನ್ ಮುಂದೆ ನಿಲ್ಲಲು ಕನಿಷ್ಠ ಎರಡಡಿ ಬೇಕು. ಅದು ಉಳಿಯದಿದ್ದರೆ ಗೋಡೆಗೆ ಒಂದು ಬೇಸಿನ್, ಅದರ ಮೇಲೆ ಕನ್ನಡಿ ಕಪಾಟು, ಅಷ್ಟೇ.

ಹಣ ಕೊಡುವ ಮುಂಚೆ

ಯಾವ ಮಾಲೇ ಆಗಲಿ, ಅಂಗಡಿಯವರಿಂದ ಅಥವಾ ಕಾರ್ಪೆಂಟರಿನಿಂದ ಅಂಗೈಯಗಲದ ಒಂದು ತುಂಡು ಕೇಳಿ ಪಡೆಯಿರಿ. ಅದರ ದಪ್ಪಕ್ಕೆ ಸರಿಯಾಗಿ ಒಂದು ಕಾಗದದ ಪಟ್ಟಿ ಕತ್ತರಿಸಿ ಇಟ್ಟುಕೊಳ್ಳಿ. ತುಂಡನ್ನು ಮೂರು ದಿನ ಬಕೆಟ್ ನೀರಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಹೇರಿ. ತೆಗೆದು ಕಾಗದದ ಪಟ್ಟಿಯನ್ನು ಮತ್ತೆ ಹಿಡಿದು ನೋಡಿ. ಎಂಡಿಎಫ್ ಪಟ್ಟಿಯನ್ನು ದಾಟಿ ಉಬ್ಬಿರುತ್ತದೆ. ಒಳ್ಳೆಯ ಪ್ಲೈಯಲ್ಲಿ ಪದರ ಬಿಟ್ಟಿರುವುದಿಲ್ಲ, ಉಗುರು ಹಾಕಿ ಎಬ್ಬಿಸಲು ಹೋದರೂ ಏಳುವುದಿಲ್ಲ. ಪಿವಿಸಿ ಇದ್ದ ಹಾಗೇ ಇರುತ್ತದೆ. ತುಂಡು ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ವ್ಯಾಪಾರ ಬೇಡ.

ಕೂರಿಸುವ ದಿನ ಮನೆಯಲ್ಲೇ ಇರಿ. ಕೆಲಸ ಮುಗಿಯಿತು ಅಂದಮೇಲೆ ಕಪಾಟಿನೊಳಗೆ ಹಳೇ ದಿನಪತ್ರಿಕೆ ಹಾಸಿ. ಬೇಸಿನ್ನಿನ ತೂತು ಮುಚ್ಚಿ ಅಂಚಿನವರೆಗೆ ನೀರು ತುಂಬಿ, ಹತ್ತು ನಿಮಿಷ ಬಿಟ್ಟು ಒಮ್ಮೆಲೇ ಬಿಡಿ. ನೀರು ಜೋರಾಗಿ ಇಳಿಯುವಾಗಲೇ ಬೇಸಿನ್ ಕೆಳಗೆ ಕೊಳೆ ನೀರು ಇಳಿಯುವ ಬಾಟಲ್ ಟ್ರ್ಯಾಪಿನ ಜೋಡಣೆ ಸರಿಯಿದೆಯೋ ಇಲ್ಲವೋ ಗೊತ್ತಾಗುವುದು. ಎರಡು ಆಂಗಲ್ ಕಾಕಿನ ಸುತ್ತ ಒಣ ಬೆರಳಿನಿಂದ ಮುಟ್ಟಿ ನೋಡಿ. ಕಪಾಟು ಬಿಚ್ಚದೆಯೇ ಟ್ರ್ಯಾಪನ್ನು ಕೈಯಿಂದ ತಿರುಗಿಸಿ ಬಿಚ್ಚಲು ಆಗುತ್ತದಾ ಅಂತ ಪ್ಲಂಬರಿಂದಲೇ ಮಾಡಿ ತೋರಿಸಿಕೊಳ್ಳಿ. ಪತ್ರಿಕೆಯ ಮೇಲೆ ಒಂದೇ ಒಂದು ಹನಿಯ ಗುರುತು ಕಂಡರೂ ಅದು ಸರಿಯಾಗುವವರೆಗೆ ಅವರನ್ನು ಕಳಿಸಬೇಡಿ, ಉಳಿದ ಹಣವನ್ನೂ ಕೊಡಬೇಡಿ.